ಗೋಡೆಯ ಅಳತೆಗೆ ಚಿತ್ರವನ್ನು ಕತ್ತರಿಸಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅಮೆರಿಕದ ಹಳೆಯ ನಿಸರ್ಗ ಚಿತ್ರಗಳ ಬಗ್ಗೆ ಕೇಳಿದವೇ ಜಾಸ್ತಿ. ನನಗೆ ತುಂಬಾ ಖುಷಿಯಾಯಿತು. ನಾನಿರುವುದು ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ, ಹಡ್ಸನ್ ನದಿಯ ದಂಡೆಯ ಊರು. ಕೆಲಸ ಇಲ್ಲಿನ ಒಂದು ಫ್ರೇಮ್ ಅಂಗಡಿಯಲ್ಲಿ. 'ಹಡ್ಸನ್ ನದಿ ಪಂಥ' ಎಂದು ಹೆಸರಾದ 19ನೇ ಶತಮಾನದ ನಿಸರ್ಗ ಚಿತ್ರಕಾರರಲ್ಲಿ ಥಾಮಸ್ ಕೋಲ್ ಇದ್ದ ಕ್ಯಾಟ್ಸ್‌ಕಿಲ್, ಫ್ರೆಡರಿಕ್ ಚರ್ಚ್ ಕಟ್ಟಿಸಿದ ಒಲಾನಾ ಮನೆ, ಎರಡೂ ಇದೇ ನದಿಯ ಎದುರುಬದುರು ದಂಡೆಯಲ್ಲಿವೆ. ಅಂಗಡಿಗೆ ಕಟ್ಟು ಹಾಕಿಸಲು ಬರುವ ಪ್ರಿಂಟ್‌ಗಳಲ್ಲೂ ಇವರದೇ ದೊಡ್ಡ ಪಾಲು. ಹಾಗಾಗಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ಹೊಸ ಮನೆಯ ಹಾಲ್‌ನಲ್ಲಿ 7 ಅಡಿ ಉದ್ದದ ಸೋಫಾ ಇದೆ, ಮೇಲೆ ಗೋಡೆ ಖಾಲಿ. ಆಲ್ಬರ್ಟ್ ಬಿಯರ್‌ಸ್ಟಾಟ್‌ನ 'ದಿ ರಾಕಿ ಮೌಂಟನ್ಸ್, ಲ್ಯಾಂಡರ್ಸ್ ಪೀಕ್' ನಮ್ಮಿಬ್ಬರಿಗೂ ಇಷ್ಟ. ಆನ್‌ಲೈನ್‌ನಲ್ಲಿ 60 ಇಂಚು ಅಗಲ, 24 ಇಂಚು ಎತ್ತರದ ಕ್ಯಾನ್ವಾಸ್ ಸಿಗುತ್ತಿದೆ. ಸೋಫಾದ ಮೇಲೆ ಸರಿಯಾಗಿ ಕೂರುತ್ತದೆ. ತೆಗೆದುಕೊಳ್ಳಬಹುದೇ?
(ಎಡಿಸನ್, ನ್ಯೂಜೆರ್ಸಿ)

ಉತ್ತರ: ದಯವಿಟ್ಟು ಬೇಡ. ಕಾರಣ ಹೇಳುತ್ತೇನೆ. ಆ ಚಿತ್ರದ ಮೂಲ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅಗಲ ಸುಮಾರು 10 ಅಡಿ, ಎತ್ತರ 6 ಅಡಿಯ ಮೇಲೆ. ಆ ಲೆಕ್ಕದಲ್ಲಿ 60 ಇಂಚು ಅಗಲದ ಪ್ರಿಂಟ್ 36 ಇಂಚಿಗಿಂತ ಎತ್ತರವಿರಬೇಕು. ನಿಮಗೆ ತೋರಿಸುತ್ತಿರುವುದು 24 ಇಂಚು. ಅಂದರೆ ಚಿತ್ರದ ಮೂರನೇ ಒಂದು ಭಾಗವನ್ನು ಕತ್ತರಿಸಿ ಎಸೆದಿದ್ದಾರೆ. ಮೇಲಿಂದ ಕತ್ತರಿಸಿದರೆ ಹಿಮದ ಶಿಖರ ಹೋಗುತ್ತದೆ. ಕೆಳಗಿಂದ ಕತ್ತರಿಸಿದರೆ ಅಲ್ಲಿನ ಮೂಲನಿವಾಸಿಗಳಾದ ಶೋಶೋನಿ ಜನರ ಬಿಡಾರ ಹೋಗುತ್ತದೆ: ಗುಡಾರಗಳು, ಕುದುರೆಗಳು, ಬೇಟೆಯಾಡಿ ತಂದ ಪ್ರಾಣಿಗಳು, ಕೆಲಸದಲ್ಲಿ ತೊಡಗಿರುವ ಮಂದಿ. ಬಿಯರ್‌ಸ್ಟಾಟ್ 1859ರಲ್ಲಿ ಫ್ರೆಡರಿಕ್ ಲ್ಯಾಂಡರ್ ಎಂಬ ಅಧಿಕಾರಿಯ ಸರ್ವೆ ತಂಡದ ಜೊತೆ ಪಶ್ಚಿಮಕ್ಕೆ ಹೋಗಿದ್ದ. 1863ರಲ್ಲಿ ಈ ಚಿತ್ರ ಮುಗಿಸಿದ. ಅಷ್ಟರಲ್ಲಿ ಲ್ಯಾಂಡರ್ ತೀರಿಕೊಂಡಿದ್ದ. ಅವನ ಹೆಸರನ್ನೇ ಶಿಖರಕ್ಕೆ ಇಟ್ಟ. ಆ ಶಿಖರವೇ ಇಲ್ಲದ ಪ್ರಿಂಟ್ ಯಾಕೆ ಬೇಕು, ಹೇಳಿ?

ಸೋಫಾದ ಮೂರರಲ್ಲಿ ಎರಡು ಪಾಲು ಅಗಲದ ಚಿತ್ರ ಹಾಕಬೇಕು ಅನ್ನುವುದು ರೂಢಿಯ ಲೆಕ್ಕ. ನಿಮ್ಮ ಸೋಫಾಕ್ಕೆ ಅದು 56 ಇಂಚು. ಅಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸುವುದಾದರೆ ಇಂಚಿಗೆ 150 ಪಿಕ್ಸೆಲ್ ಆದರೂ ಬೇಕು, ಒಟ್ಟು ಅಗಲ 8,400 ಪಿಕ್ಸೆಲ್. ಮಾರುವವರನ್ನು ಈ ಒಂದು ಪ್ರಶ್ನೆ ಕೇಳಿ. ಉತ್ತರ ಬರದಿದ್ದರೆ ಬಿಟ್ಟುಬಿಡಿ. ಈ ಚಿತ್ರಗಳನ್ನು ಬರೆದದ್ದೇ ಹತ್ತಿರ ನಿಂತು, ಮೂಲೆ ಮೂಲೆ ನೋಡಲಿ ಎಂದು. 1859ರಲ್ಲಿ ಚರ್ಚ್ ತನ್ನ 'ಹಾರ್ಟ್ ಆಫ್ ದಿ ಆಂಡೀಸ್' ಚಿತ್ರವೊಂದನ್ನೇ ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕಿಟ್ಟ. 25 ಸೆಂಟ್ ಟಿಕೆಟ್. ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಸಾಲುಗಟ್ಟಿ ಬಂದರು. ಎಲೆ, ಹಕ್ಕಿ, ದೂರದ ಶಿಲುಬೆ ಎಲ್ಲ ಕಾಣಲಿ ಎಂದು ನಾಟಕ ನೋಡುವ ದುರ್ಬೀನು ಹಿಡಿದು ನೋಡಿದರು. ಅಂಥ ಚಿತ್ರ ಮಸುಕಾಗಿ ಅಚ್ಚಾದರೆ ಏನು ಉಳಿಯುತ್ತದೆ?

ನನ್ನ ಸಲಹೆ ಇದು. ಬಿಯರ್‌ಸ್ಟಾಟ್‌ನನ್ನು 36 ಇಂಚು ಅಗಲ, 22 ಇಂಚು ಎತ್ತರದಲ್ಲಿ ಒಳ್ಳೆ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಸುತ್ತ 3 ಇಂಚು ಮ್ಯಾಟ್ ಬೋರ್ಡ್ ಕೊಡಿ, ಅಂದರೆ ಚಿತ್ರಕ್ಕೂ ಫ್ರೇಮಿಗೂ ನಡುವೆ ಬರುವ ದಪ್ಪ ರಟ್ಟಿನ ಅಂಚು. ಅದನ್ನು ಸೋಫಾದ ಮೇಲೆ ಹಾಕಬೇಡಿ, ಅಲ್ಲಿ ಯಾರೂ ಹತ್ತಿರ ನಿಂತು ನೋಡಲು ಆಗುವುದಿಲ್ಲ. ಊಟದ ಮೇಜಿನ ಪಕ್ಕದ ಗೋಡೆ ಅಥವಾ ಓಡಾಡುವ ಪ್ಯಾಸೇಜ್ ಒಳ್ಳೆಯದು. ಚಿತ್ರದ ನಡುಮಧ್ಯ ನೆಲದಿಂದ ಸುಮಾರು 58 ಇಂಚು ಎತ್ತರದಲ್ಲಿರಲಿ. ಸೋಫಾದ ಮೇಲೆ ಜಾನ್ ಕೆನ್ಸೆಟ್‌ನ 'ಈಟನ್ಸ್ ನೆಕ್, ಲಾಂಗ್ ಐಲ್ಯಾಂಡ್' ಹಾಕಿ. 1872ರ ಚಿತ್ರ. ಸ್ವಲ್ಪ ಮರಳು, ಸ್ವಲ್ಪ ಹಸಿರು, ಸಮುದ್ರ, ಉಳಿದದ್ದೆಲ್ಲ ಆಕಾಶ. ಎತ್ತರದ ಎರಡರಷ್ಟು ಅಗಲ ಇರುವುದರಿಂದ ಒಂದಿಂಚೂ ಕತ್ತರಿಸದೆ ನಿಮ್ಮ ಗೋಡೆಗೆ ಕೂರುತ್ತದೆ. ದೂರದಿಂದ ನೋಡಲೂ ಚೆಂದ. ಅದೇ ವರ್ಷದ ಕೊನೆಯಲ್ಲಿ ಕೆನ್ಸೆಟ್ ತೀರಿಕೊಂಡ. ಇಷ್ಟು ಕಡಿಮೆ ವಿವರ ಬರೆದು ಇಷ್ಟು ತುಂಬಿಕೊಂಡ ಚಿತ್ರ ಆ ಕಾಲದಲ್ಲಿ ನನಗೆ ಬೇರೆ ಕಂಡಿಲ್ಲ.

ಹಾಂ, ಕ್ಯಾನ್ವಾಸ್ ತೆಗೆದುಕೊಂಡರೆ ಚಿತ್ರದ ಅಂಚನ್ನು ಮರದ ಚೌಕಟ್ಟಿನ ಪಕ್ಕಕ್ಕೆ ಮಡಚುತ್ತಾರಾ ಎಂದು ಕೇಳಿ. ಮಡಚಿದರೆ ಪ್ರತಿ ಬದಿಯಲ್ಲೂ ಒಂದು ಪಟ್ಟಿ ಕಾಣೆಯಾಗುತ್ತದೆ. ಅಂಚು ಬಿಳಿಯಾಗಿಯೇ ಇರಲಿ ಎಂದು ಹೇಳಿ.

ಪ್ರಶ್ನೆ: ಮ್ಯೂಸಿಯಂನ ವೆಬ್‌ಸೈಟಿನಿಂದ ಚಿತ್ರ ಡೌನ್‌ಲೋಡ್ ಮಾಡಿ ನಾವೇ ಪ್ರಿಂಟ್ ಹಾಕಿಸಿದರೆ ತಪ್ಪಾಗುತ್ತದೆಯೇ?
(ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ಇಲ್ಲ. ಇವೆಲ್ಲ 19ನೇ ಶತಮಾನದ ಚಿತ್ರಗಳು, ಕಾಪಿರೈಟ್ ಮುಗಿದುಹೋಗಿದೆ. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ, ಕ್ಲೀವ್‌ಲ್ಯಾಂಡ್ ಮ್ಯೂಸಿಯಂ 2019ರಲ್ಲಿ, ಸ್ಮಿತ್‌ಸೋನಿಯನ್ 2020ರಲ್ಲಿ ಇಂಥ ಚಿತ್ರಗಳ ದೊಡ್ಡ ಫೈಲ್‌ಗಳನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟಿವೆ. ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯೂ ಕೊಡುತ್ತದೆ. ಪ್ರಿಂಟ್ ಹಾಕಿಸುವಾಗ ಬೇಗ ಮಾಸದ ಪಿಗ್ಮೆಂಟ್ ಇಂಕ್, ಹೊಳಪಿಲ್ಲದ ಮ್ಯಾಟ್ ಕಾಗದ ಎಂದು ಕೇಳಿ. ಹೊಳೆಯುವ ಕಾಗದದಲ್ಲಿ ಟ್ಯೂಬ್‌ಲೈಟೇ ಕಾಣುತ್ತದೆ. ಚರ್ಚ್‌ನ 'ಟ್ವೈಲೈಟ್ ಇನ್ ದಿ ವೈಲ್ಡರ್‌ನೆಸ್' ಥರದ ಕೆಂಪು ಆಕಾಶದ ಚಿತ್ರವಾದರೆ ಮೊದಲು ಅಂಗೈಯಷ್ಟಗಲದ ಸ್ಯಾಂಪಲ್ ತೆಗೆಸಿ, ಮ್ಯೂಸಿಯಂನ ಚಿತ್ರದ ಪಕ್ಕ ಹಿಡಿದು ನೋಡಿ. ಎಷ್ಟೋ ಕಡೆ ಬಣ್ಣ ಏರಿಸಿಬಿಡುತ್ತಾರೆ.

ಪ್ರಶ್ನೆ: ಥಾಮಸ್ ಕೋಲ್‌ನ 'ದಿ ಆಕ್ಸ್‌ಬೋ' ಪ್ರಿಂಟ್ ತಂದು ಹಾಲ್‌ನಲ್ಲಿ ಹಾಕಿದೆ. ಹಾಸನದಿಂದ ಬಂದಿರುವ ಅತ್ತೆಯವರು, ಮುರಿದ ಮರ, ಕಪ್ಪು ಮೋಡದ ಚಿತ್ರ ಮನೆಗೆ ಒಳ್ಳೆಯದಲ್ಲ, ತೆಗಿ ಅನ್ನುತ್ತಿದ್ದಾರೆ. ನನಗೆ ತೆಗೆಯಲು ಮನಸ್ಸಿಲ್ಲ. ಏನು ಮಾಡಲಿ?
(ಡಲ್ಲಾಸ್)

ಉತ್ತರ: ಮೊದಲು ಅತ್ತೆಯವರನ್ನು ಚಿತ್ರದ ಮುಂದೆ ಕುರ್ಚಿ ಹಾಕಿ ಕೂರಿಸಿ. ಅವರು ನೋಡಿರುವುದು ಎಡಗಡೆಯನ್ನು ಮಾತ್ರ, ಅಲ್ವಾ? 1836ರಲ್ಲಿ ಬರೆದ ಈ ಚಿತ್ರದ ಪೂರ್ತಿ ಹೆಸರಿನಲ್ಲೇ 'ಗುಡುಗು ಮಳೆಯ ನಂತರ' ಎಂದಿದೆ. ಮಳೆ ಸುರಿಸಿ ಆಗಿದೆ, ಮೋಡ ಎಡಕ್ಕೆ ಸರಿಯುತ್ತಿದೆ. ಬಲಗಡೆ ಮ್ಯಾಸಚೂಸೆಟ್ಸ್‌ನ ಕನೆಕ್ಟಿಕಟ್ ನದಿ ದೊಡ್ಡದಾಗಿ ಬಳಸಿಕೊಂಡು ಹರಿಯುತ್ತಿದೆ. ದಂಡೆಯಲ್ಲಿ ಹೊಲ, ಮನೆ, ಬಿಸಿಲು. ಕೃಷಿಯ ಮನೆತನದವರಾದರೆ ಆ ಬಲಭಾಗ ಅವರಿಗೆ ಬೇಗ ಹಿಡಿಸುತ್ತದೆ. ಕೆಳಗೆ ಬಂಡೆಗಳ ನಡುವೆ ಹುಡುಕಿ ನೋಡಿ ಎಂದು ಹೇಳಿ. ಟೋಪಿ ಹಾಕಿದ ಪುಟ್ಟ ಮನುಷ್ಯನೊಬ್ಬ ಚಿತ್ರ ಬರೆಯುತ್ತಾ ನಮ್ಮ ಕಡೆಗೆ ತಿರುಗಿದ್ದಾನೆ. ಅವನೇ ಕೋಲ್. ಮಕ್ಕಳಿದ್ದರೆ ಅವರ ಕೈಲೇ ಹುಡುಕಿಸಿ.

ಇಷ್ಟಾದ ಮೇಲೂ ಅವರಿಗೆ ಸಮಾಧಾನ ಆಗದಿದ್ದರೆ ಹಟ ಬೇಡ. ಬೆಳಗ್ಗೆ ಎದ್ದು ಮೊದಲು ನೋಡುವ ಗೋಡೆಯ ಬಗ್ಗೆ ಹಿರಿಯರಿಗೂ ಒಂದು ಮಾತಿನ ಹಕ್ಕಿದೆ. 'ಆಕ್ಸ್‌ಬೋ'ವನ್ನು ಮಕ್ಕಳು ಓದುವ ಕೋಣೆಗೆ ಕೊಡಿ. ಹಾಲ್‌ಗೆ ಕೆನ್ಸೆಟ್ 1869ರಲ್ಲಿ ಬರೆದ 'ಲೇಕ್ ಜಾರ್ಜ್' ತನ್ನಿ. ನಿಂತ ನೀರು, ತಿಳಿ ಬೆಳಕು, ಬೆಟ್ಟಗಳ ಸಾಲು. ಆ ಸರೋವರ ನಮ್ಮೂರಿಂದ ಕಾರಿನಲ್ಲಿ ಒಂದು ತಾಸಿನ ದಾರಿ. ಚಿತ್ರದಲ್ಲಿರುವಷ್ಟೇ ಶಾಂತ ಅದು, ಬೇಸಿಗೆಯ ವಾರಾಂತ್ಯ ಒಂದು ಬಿಟ್ಟು.

ಪ್ರಶ್ನೆ: ಮಗಳು ಶಾಲೆಯಲ್ಲಿ ಅಮೆರಿಕದ ಇತಿಹಾಸ ಓದುತ್ತಿದ್ದಾಳೆ. ನಮ್ಮ ಮನೆಯಲ್ಲಿರುವ ಬಿಯರ್‌ಸ್ಟಾಟ್‌ನ ಯೊಸೆಮಿಟಿ ಚಿತ್ರ ನೋಡಿ, "ಇಲ್ಲಿದ್ದ ಜನ ಎಲ್ಲಿ ಹೋದರು? ಇದು ಸುಳ್ಳು ಚಿತ್ರ" ಅಂದಳು. ತೆಗೆದುಬಿಡಲೇ ಎಂದು ಯೋಚಿಸುತ್ತಿದ್ದೇನೆ.
(ಬಾಸ್ಟನ್ ಹತ್ತಿರದ ಊರು)

ಉತ್ತರ: ನಿಮ್ಮ ಮಗಳು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ಅಹ್ವಾನೀಚಿ ಎಂಬ ಮೂಲನಿವಾಸಿ ಜನ ತಲೆಮಾರುಗಳಿಂದ ಇದ್ದರು. 1851ರಲ್ಲಿ ಮರಿಪೋಸಾ ಬೆಟಾಲಿಯನ್ ಎಂಬ ಪಡೆ ಒಳನುಗ್ಗಿ ಅವರನ್ನು ಹೊರದಬ್ಬಿತು. ಬಿಯರ್‌ಸ್ಟಾಟ್ ಅಲ್ಲಿಗೆ ಹೋದದ್ದು 1863ರಲ್ಲಿ. ಅವನ 1865ರ 'ಲುಕಿಂಗ್ ಡೌನ್ ಯೊಸೆಮಿಟಿ ವ್ಯಾಲಿ' ಚಿತ್ರದಲ್ಲಿ ಹೊಂಬಿಸಿಲು ತುಂಬಿದೆ, ಮನುಷ್ಯರಿಲ್ಲ. ಯಾರೂ ಇರಲೇ ಇಲ್ಲವೇನೋ ಅನ್ನಿಸುವ ಹಾಗಿದೆ. ಆ ಬೆಳಕು ನಿಜ, ಆ ಬಂಡೆಗಳೂ ನಿಜ. ಖಾಲಿತನ ಮಾತ್ರ ಬಲವಂತದಿಂದ ಆದದ್ದು.

ತೆಗೆಯಬೇಡಿ. ಅದರ ಜೊತೆಗೆ ಇನ್ನೊಂದು ಚಿತ್ರ ಹಾಕಿ: ಜಾರ್ಜ್ ಇನ್ನೆಸ್‌ನ 'ದಿ ಲ್ಯಾಕವಾನಾ ವ್ಯಾಲಿ'. 1856ರ ಸುಮಾರಿನದು, ನ್ಯಾಷನಲ್ ಗ್ಯಾಲರಿಯಲ್ಲಿದೆ. ಪೆನ್ಸಿಲ್ವೇನಿಯಾದ ಒಂದು ರೈಲ್ವೆ ಕಂಪನಿ ಹೇಳಿ ಬರೆಸಿದ್ದು. ಹುಡುಗನೊಬ್ಬ ಮರದ ಕೆಳಗೆ ಒರಗಿ ಕಣಿವೆ ನೋಡುತ್ತಿದ್ದಾನೆ. ದೂರದಿಂದ ರೈಲು ಹೊಗೆ ಬಿಡುತ್ತಾ ಬರುತ್ತಿದೆ. ಅವನ ಮುಂದಿನ ಬಯಲಿನ ತುಂಬ ಕಡಿದ ಮರಗಳ ಮೋಟುಗಳು. ದುಡ್ಡು ಕೊಟ್ಟವರಿಗಾಗಿ ಬರೆದರೂ ಇನ್ನೆಸ್ ಆ ಮೋಟುಗಳನ್ನು ಬಿಡಲಿಲ್ಲ, ಅದಕ್ಕೇ ಈ ಚಿತ್ರ ಕಂಡರೆ ನನಗೆ ತುಂಬ ಗೌರವ. ವಿಚಿತ್ರವೆಂದರೆ, ಎಷ್ಟೋ ವರ್ಷಗಳ ನಂತರ ಮೆಕ್ಸಿಕೋ ನಗರದ ಹಳೆ ಸಾಮಾನಿನ ಅಂಗಡಿಯಲ್ಲಿ ಇದು ಅವನ ಕಣ್ಣಿಗೇ ಬಿತ್ತು. ತಾನೇ ಕೊಂಡುಕೊಂಡ. ಎರಡನ್ನೂ ಒಂದೇ ಎತ್ತರಕ್ಕೆ, ಅಕ್ಕಪಕ್ಕ ತೂಗುಹಾಕಿ. ಮಗಳೇ ಜಾಗ ಗುರುತು ಮಾಡಲಿ.

ಪ್ರಶ್ನೆ: ವಾಷಿಂಗ್ಟನ್‌ನಲ್ಲಿರುವ ಮಗ ವಿನ್ಸ್‌ಲೋ ಹೋಮರ್‌ನ 'ಬ್ರೀಜಿಂಗ್ ಅಪ್' ಪ್ರಿಂಟ್ ಸುರುಳಿ ಸುತ್ತಿ ತಂದುಕೊಟ್ಟಿದ್ದಾನೆ. ಗಾಳಿಗೆ ವಾಲಿದ ದೋಣಿಯಲ್ಲಿ ಮೂವರು ಹುಡುಗರು, ಒಬ್ಬ ಹಿರಿಯ. ನಮ್ಮ ಯಜಮಾನರಿಗೆ ಬಹಳ ಹಿಡಿಸಿದೆ. ಆದರೆ ನಮ್ಮಲ್ಲಿ ಮಳೆಗಾಲದಲ್ಲಿ ಕ್ಯಾಲೆಂಡರಿಗೂ ಬೂಷ್ಟು ಬರುತ್ತದೆ. ಉಳಿಸಿಕೊಳ್ಳುವುದು ಹೇಗೆ?
(ಮಂಗಳೂರು)

ಉತ್ತರ: ಉಳಿಸಿಕೊಳ್ಳಬಹುದು. ಸುರುಳಿಯನ್ನು ಉಲ್ಟಾ ಸುತ್ತಿ ನೆಟ್ಟಗೆ ಮಾಡಲು ಹೋಗಬೇಡಿ, ಬಣ್ಣ ಬಿರುಕು ಬಿಡುತ್ತದೆ. ಎರಡು ಶುಭ್ರ ಕಾಗದಗಳ ನಡುವೆ ಮಲಗಿಸಿ, ಮೇಲೆ ಪುಸ್ತಕ ಹೇರಿ ಕೆಲವು ದಿನ ಬಿಡಿ.

ಕಟ್ಟು ಹಾಕುವವರು ಪ್ರಿಂಟನ್ನು ಹಾರ್ಡ್‌ಬೋರ್ಡಿಗೆ ಗೋಂದು ಹಚ್ಚಿ ಅಂಟಿಸುತ್ತೇವೆ ಅನ್ನಬಹುದು. ಒಪ್ಪಬೇಡಿ. ಮೇಲಿನ ಅಂಚಿನಲ್ಲಿ ಮಾತ್ರ ಆಸಿಡ್ ಇಲ್ಲದ ಟೇಪಿನಿಂದ ಹಿಡಿಸಿದರೆ ಸಾಕು. ಕಾಗದ ಗಾಜಿಗೆ ತಾಗಬಾರದು, ತಾಗಿದರೆ ತೇವಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೇ ಮ್ಯಾಟ್ ಬೋರ್ಡ್ ಬೇಕೇ ಬೇಕು. ಹಿಂಬದಿಯನ್ನು ಪೂರ್ತಿ ಟೇಪಿನಿಂದ ಮುಚ್ಚಿಸಿ, ಕೆಳಗಿನ ಎರಡು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿ. ಆಗ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಓಡಾಡುತ್ತದೆ. ಮಳೆ ಹೊಡೆಯುವ ಪಡುವಣ ಗೋಡೆ ಬೇಡ. ಬಚ್ಚಲಿಗೆ ಅಂಟಿದ ಗೋಡೆಯೂ ಬೇಡ. ಎರಡು ಕೋಣೆಗಳ ನಡುವಿನ ಒಳಗೋಡೆ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ಇಳಿಸಿ ಹಿಂಬದಿ ಒಣಬಟ್ಟೆಯಲ್ಲಿ ಒರೆಸಿ.

ಇಷ್ಟು ಮಾಡಿಯೂ ಬೂಷ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಫ್ರೇಮ್ ಬಿಚ್ಚಿ, ಪ್ರಿಂಟನ್ನು ನೆರಳಲ್ಲಿ ಫ್ಯಾನ್ ಗಾಳಿಗೆ ಒಣಗಿಸಿ, ಮನೆಯ ಹೊರಗೆ ನಿಂತು ಮೆತ್ತನೆ ಬ್ರಷ್‌ನಿಂದ ಉದುರಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ತೀರಾ ಹಾಳಾದರೂ ಚಿಂತೆ ಮಾಡಬೇಡಿ. ಮೂಲ ಚಿತ್ರ ಇರುವುದು ನಿಮ್ಮ ಮಗನ ಊರಿನ ನ್ಯಾಷನಲ್ ಗ್ಯಾಲರಿಯಲ್ಲೇ, ಅದರ ಫೈಲ್ ಅವರ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತದೆ. ಅಗಲ 36 ಇಂಚು ಹಾಕಿಸಿದರೆ ಎತ್ತರ 23 ಇಂಚಿನ ಹತ್ತಿರ ಬರಬೇಕು. ಪ್ರಿಂಟ್ ಅಂಗಡಿಯವರು 24 ಇಂಚಿಗೆ ಎಳೆದು ಸರಿಮಾಡುತ್ತೇವೆ ಅಂದರೆ ಬೇಡ ಅನ್ನಿ. ಮೇಲೆ ಕೆಳಗೆ ಅರ್ಧರ್ಧ ಇಂಚು ಬಿಳಿ ಕಾಗದ ಬಿಡಲಿ, ಅದು ಮ್ಯಾಟ್ ಬೋರ್ಡಿನ ಕೆಳಗೆ ಮುಚ್ಚಿಹೋಗುತ್ತದೆ.