ಓದುಗರ ಪ್ರಶ್ನೆ, ನಮ್ಮ ಉತ್ತರ: ತೊಳೆಯೋ ಗಾಡಿ ಕಟ್ಟೋ ಮುಂಚೆ ನೀರಿನ ಲೆಕ್ಕ ಹಾಕಿ

ಪ್ರಶ್ನೆ: ನಮ್ದು ಸ್ವಲ್ಪ ಅಡಿಕೆ ತೋಟ ಇದೆ, ಅದ್ರ ಜೊತೆಗೆ ಮನೆ ಅಂಗಳ, ಕಾಂಪೌಂಡು, ಅಡಿಕೆ ಒಣಗ್ಸೋ ಕಣ ಇದನ್ನೆಲ್ಲ ಪ್ರೆಶರ್ ವಾಷರ್‌ನಲ್ಲಿ ತೊಳ್ದು ಕೊಡೋ ಕೆಲಸ ಶುರು ಮಾಡೋಣ ಅಂತಿದೀನಿ. ಮಳೆ ಮುಗಿಯೋ ಹೊತ್ತಿಗೆ ನಮ್ ಕಡೆ ಎಲ್ಲಾ ಅಂಗಳನೂ ಹಾವಸೆ ಹಿಡ್ದು ಕಾಲಿಟ್ರೆ ಜಾರತ್ತೆ, ದೀಪಾವಳಿ ಒಳಗೆ ಕ್ಲೀನ್ ಆಗ್ಬೇಕು ಅಂತ ಎಲ್ರಿಗೂ ಅವಸರ. ಹಳೇ ಜೀಪ್ ಇದೆ, ಅದ್ರ ಹಿಂದೆ ಎಳ್ಕೊಂಡು ಹೋಗೋ ಸಣ್ಣ ಟ್ರೇಲರ್ ಮಾಡಿಸಿ 1000 ಲೀಟರ್ ಟ್ಯಾಂಕು, 250 ಬಾರ್ (ಬಾರ್ ಅಂದ್ರೆ ನೀರಿನ ಒತ್ತಡದ ಅಳತೆ) ಪಂಪು ಕೂರಿಸ್ಬೇಕು ಅಂತ ಪ್ಲಾನು. ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆಯೋ ಎಚ್‌ಟಿಪಿ ಪಂಪ್ ಮನೇಲೇ ಇದೆ, ಅದನ್ನೇ ಹಾಕ್ಬಹುದಾ?
— ತೀರ್ಥಹಳ್ಳಿ ಹತ್ರದ ಓದುಗರು

ಉತ್ತರ: ಕೆಲಸ ಒಳ್ಳೇದು, ನಿಮ್ಮ ಊರಿಗೆ ನಿಜವಾಗ್ಲೂ ಬೇಕಾಗಿರೋದು, ವಯಸ್ಸಾದವ್ರು ಹಾವಸೆ ಮೇಲೆ ಜಾರಿ ಬಿದ್ದು ಸೊಂಟ ಮುರ್ಕೊಳೋದನ್ನ ಮಲೆನಾಡಲ್ಲಿ ಎಲ್ರೂ ನೋಡಿದೀವಿ. ಆದ್ರೆ ಪ್ಲಾನ್ ಬದಲಾಯಿಸಿ. ನೀವು ಟ್ಯಾಂಕ್ ಎಷ್ಟು ದೊಡ್ಡದು, ಬಾರ್ ಎಷ್ಟು ಜಾಸ್ತಿ ಅನ್ನೋದ್ರಿಂದ ಶುರು ಮಾಡಿದೀರಿ, ಶುರು ಮಾಡ್ಬೇಕಾಗಿದ್ದು ನಿಮಿಷಕ್ಕೆ ಎಷ್ಟು ಲೀಟರ್ ನೀರು ಬೇಕು, ಅದು ಎಲ್ಲಿಂದ ಬರತ್ತೆ ಅನ್ನೋದ್ರಿಂದ.

ಒತ್ತಡ ಕೊಳೆನ ಕಿತ್ತು ಬಿಡಿಸತ್ತೆ, ಬಿಟ್ಟ ಕೊಳೆನ ತಳ್ಕೊಂಡು ಹೋಗೋದು ನೀರಿನ ಪ್ರಮಾಣ. ಸಿಮೆಂಟ್ ಅಂಗಳಕ್ಕೆ, ಇಂಟರ್‌ಲಾಕ್‌ಗೆ 150 ಬಾರ್ ಸಾಕು ಅಂದ್ರೆ ಸಾಕು. ಅದ್ರ ಜೊತೆ ನಿಮಿಷಕ್ಕೆ 15 ಲೀಟರ್ ಕೊಡೋ ಪಂಪ್ ಇದ್ರೆ, 250 ಬಾರ್ ಇದ್ದು 8 ಲೀಟರ್ ಕೊಡೋ ಪಂಪ್‌ಗಿಂತ ಬೇಗ ಅಂಗಳ ಮುಗಿಸ್ತೀರಿ. ಲೆಕ್ಕ ನೀವೇ ಹಾಕ್ಬಹುದು: ಬಾರ್‌ನ ಲೀಟರ್‌ನಿಂದ ಗುಣಿಸಿ 600ರಿಂದ ಭಾಗಿಸಿದ್ರೆ ಕಿಲೋವ್ಯಾಟ್ ಸಿಗತ್ತೆ. 150 × 15 ಅಂದ್ರೆ 3.75 ಕಿಲೋವ್ಯಾಟ್, ಇದು ನೀರಿಗೆ ಸಿಗ್ಬೇಕಾದ ಶಕ್ತಿ, ಪಂಪ್‌ನಲ್ಲಿ ಹೋಗೋ ನಷ್ಟ ಸೇರಿಸಿ ಪೆಟ್ರೋಲ್ ಎಂಜಿನ್ ಆದ್ರೆ 8-9 ಎಚ್‌ಪಿ ಇಟ್ಕೊಳಿ. ಅದೇ 15 ಲೀಟರ್‌ನ 250 ಬಾರ್‌ಗೆ ಏರಿಸ್ಬೇಕು ಅಂದ್ರೆ 13 ಎಚ್‌ಪಿ ಎಂಜಿನ್ ಬೇಕಾಗತ್ತೆ, ಪೆಟ್ರೋಲ್ ಖರ್ಚು ಜಾಸ್ತಿ, ಗಾಡಿ ಭಾರ ಜಾಸ್ತಿ, ಮೇಲಿಂದ ನಿಮ್ಮ ಕಡೆಯ ಜಂಬಿಟ್ಟಿಗೆ ಕಲ್ಲಿನ ಗೋಡೆಗೆ ಆ ಒತ್ತಡದಲ್ಲಿ ಹತ್ರದಿಂದ ಹೊಡೆದ್ರೆ ಹಾವಸೆ ಜೊತೆ ಕಲ್ಲೂ ಪುಡಿಯಾಗಿ ಉದುರತ್ತೆ.

ಈಗ ಟ್ಯಾಂಕ್ ವಿಷ್ಯ. ಒಂದು ಲೀಟರ್ ನೀರು ಒಂದು ಕೆಜಿ, 1000 ಲೀಟರ್ ಅಂದ್ರೆ ಒಂದು ಟನ್ ಬರೀ ನೀರೇ ಆಯ್ತು. ಹಳೇ ಜೀಪಿನ ಹಿಂದೆ, ಬ್ರೇಕಿಲ್ಲದ ಟ್ರೇಲರ್‌ನಲ್ಲಿ, ಆಗುಂಬೆ ಕಡೆ ಇಳಿಜಾರಲ್ಲಿ ಅದನ್ನ ಎಳ್ಕೊಂಡು ಹೋಗೋದು ಬೇಡವೇ ಬೇಡ. ಅಷ್ಟಕ್ಕೂ ನಿಮ್ಮೂರಲ್ಲಿ ನೀರು ಹೊತ್ಕೊಂಡು ಹೋಗೋ ಅಗತ್ಯ ಏನಿದೆ? ಮನೆಮನೇಲೂ ಬಾವಿ ಇದೆ. ಟ್ಯಾಂಕ್ ಖಾಲಿ ಇಟ್ಕೊಂಡೇ ಹೋಗಿ, ಅಲ್ಲೇ ತುಂಬಿಸಿ, ಕೆಲಸ ಮುಗಿದ್ಮೇಲೆ ಪೂರ್ತಿ ಖಾಲಿ ಮಾಡ್ಕೊಂಡು ವಾಪಸ್ ಬನ್ನಿ. ಅರ್ಧ ತುಂಬಿದ ಟ್ಯಾಂಕ್ ಪೂರ್ತಿ ತುಂಬಿದ್ದಕ್ಕಿಂತ ಅಪಾಯ, ತಿರುವಲ್ಲಿ ನೀರೆಲ್ಲ ಒಂದೇ ಕಡೆ ನುಗ್ಗಿ ಗಾಡಿನ ಎಳೆಯತ್ತೆ.

ಹಾಗಿದ್ರೆ ಟ್ಯಾಂಕ್ ಯಾಕೆ ಬೇಕು ಅಂದ್ರೆ, ನಲ್ಲಿ ಕೊಡೋ ನೀರಿಗೂ ಪಂಪ್ ಕುಡಿಯೋ ನೀರಿಗೂ ಇರೋ ವ್ಯತ್ಯಾಸ ತುಂಬಕ್ಕೆ. ಗಿರಾಕಿ ಮನೆಗೆ ಹೋದ ತಕ್ಷಣ 20 ಲೀಟರ್ ಬಕೆಟ್ ಹಿಡ್ದು ಎಷ್ಟು ಹೊತ್ತಿಗೆ ತುಂಬತ್ತೆ ನೋಡಿ. ಎರಡು ನಿಮಿಷ ಆಯ್ತು ಅಂದ್ರೆ ನಿಮಿಷಕ್ಕೆ 10 ಲೀಟರ್. ಪಂಪ್‌ಗೆ 15 ಬೇಕು, ನಿಮಿಷಕ್ಕೆ 5 ಕಡಿಮೆ ಬೀಳತ್ತೆ, 500 ಲೀಟರ್ ಟ್ಯಾಂಕ್ ತುಂಬಿಸ್ಕೊಂಡು ಶುರು ಮಾಡಿದ್ರೆ ಗನ್ ಬಿಡದೇ ಒತ್ತಿ ಹಿಡಿದ್ರೂ 100 ನಿಮಿಷ ಬರತ್ತೆ. ನಿಜವಾದ ಕೆಲಸದಲ್ಲಿ ಯಾರೂ ಹಾಗೆ ಹಿಡಿಯಲ್ಲ, ಮಧ್ಯೆ ಮಧ್ಯೆ ಬಿಡ್ತಾನೇ ಇರ್ತೀವಿ, ಅಷ್ಟರಲ್ಲಿ ಟ್ಯಾಂಕ್ ತುಂಬ್ತಾ ಇರತ್ತೆ. ಅದೇ ಬರೀ ಟ್ಯಾಂಕ್ ನೀರನ್ನೇ ನಂಬಿದ್ರೆ 500 ಲೀಟರ್ 33 ನಿಮಿಷಕ್ಕೆ ಖಾಲಿ. ಬಾವಿ ಇರೋ ಊರಿಗೆ 300ರಿಂದ 500 ಲೀಟರ್ ಧಾರಾಳ ಆಯ್ತು. ತುಂಬೋ ಪೈಪಿಗೆ ಫ್ಲೋಟ್ ವಾಲ್ವ್ ಹಾಕ್ಸಿ, ಇಲ್ಲಾಂದ್ರೆ ತುಂಬಿ ಚೆಲ್ತಾ ಇರೋದು ಎಂಜಿನ್ ಸದ್ದಲ್ಲಿ ಗೊತ್ತೇ ಆಗಲ್ಲ.

ಟ್ಯಾಂಕ್ ಅಡ್ಡ ಮಲಗಿಸೋ ಮಾದರಿದು ತಗೊಳಿ, ಮನೆ ಮೇಲಿಡೋ ನಿಂತ ಟ್ಯಾಂಕ್ ಬೇಡ. ಅದು ಸರಿಯಾಗಿ ಆಕ್ಸಲ್ ಮೇಲೆ ಬರ್ಲಿ, ಎಂಜಿನ್ ಪಂಪ್ ಸ್ವಲ್ಪ ಮುಂದಕ್ಕೆ, ಹೋಸ್ ರೀಲ್ ಹಿಂದೆ. ಒಟ್ಟು ಭಾರದಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಜೀಪಿನ ಕೊಂಡಿ ಮೇಲೆ ಕೂರ್ಬೇಕು. ಹಿಂದೆ ಭಾರ ಜಾಸ್ತಿ ಆದ್ರೆ ವೇಗ ಸಿಕ್ಕಿದ ಹಾಗೆ ಟ್ರೇಲರ್ ಬಾಲ ಅಲ್ಲಾಡಿಸಕ್ಕೆ ಶುರು ಮಾಡತ್ತೆ, ಆಮೇಲೆ ಹಿಡಿತಕ್ಕೆ ಸಿಗಲ್ಲ.

ಇನ್ನೊಂದು ಮಾತು, ವೆಲ್ಡಿಂಗ್ ಶಾಪಿಗೆ ಅಡ್ವಾನ್ಸ್ ಕೊಡೋ ಮುಂಚೆನೇ ಓದ್ಕೊಳಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರ್ ಕೂಡ ಮೋಟಾರು ವಾಹನವೇ, ಅದಕ್ಕೂ ನೋಂದಣಿ ಬೇಕು. ಊರಲ್ಲಿ ಮಾಡಿಸಿ ಹಾಗೇ ರಸ್ತೆಗಿಳಿಸಿ ಏನಾದ್ರೂ ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನವ್ರು ಮೊದ್ಲು ಕೇಳೋದೇ ಅದನ್ನ. ಮೊದ್ಲು ಆರ್‌ಟಿಒ ಆಫೀಸಲ್ಲಿ ವಿಚಾರಿಸಿ, ಅವ್ರು ಹೇಳೋ ಹಾಗೆ ಮಾಡಿಸಿ. ಅದು ರಗಳೆ ಅನ್ಸಿದ್ರೆ ನನ್ನ ಸಲಹೆ, ಇಡೀ ಸೆಟ್‌ನ ಒಂದು ಕಬ್ಬಿಣದ ಫ್ರೇಮ್ ಮೇಲೆ ಕಟ್ಟಿ, ಸಣ್ಣ ಗೂಡ್ಸ್ ಗಾಡಿ ಮೇಲೆ ಬೋಲ್ಟ್ ಹಾಕಿ ಕೂರಿಸಿ. 3000 ಕೆಜಿ ಒಟ್ಟು ತೂಕದ ಒಳಗಿನ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ, ನಿಮ್ಮ ಕಡೆಯ ಕಿರಿದಾದ ದಾರೀಲಿ ರಿವರ್ಸ್ ತಗೊಳೋದೂ ಸುಲಭ. ರಸ್ತೆಯಿಂದ ಮನೆ ದೂರ ಇದ್ರೆ ಹೋಸ್ ಉದ್ದ ಮಾಡ್ಕೊಳಿ, ಆದ್ರೆ ಒಳಗಿನ ಅಳತೆ ಮುಕ್ಕಾಲಿಂಚಿನ ಅರ್ಧ, ಅಂದ್ರೆ 3/8 ಇಂಚಿಗಿಂತ ಸಣ್ಣದು ಬೇಡ, ಕಾಲಿಂಚಿನ ಹೋಸಲ್ಲಿ ಒತ್ತಡದ ನಷ್ಟ ಅದ್ರ ಆರೇಳು ಪಟ್ಟು.

ಎಚ್‌ಟಿಪಿ ಪಂಪ್ ಕೇಳಿದ್ರಿ. ಒಳಗಿನ ಕೆಲಸ ಎರಡಕ್ಕೂ ಒಂದೇ ಥರ, ಮೂರು ಪಿಸ್ಟನ್, ಬೆಲ್ಟು. ಆದ್ರೆ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆಯೋ ಪಂಪ್ 20ರಿಂದ 40 ಕೆಜಿ, ಅಂದ್ರೆ ಹೆಚ್ಚುಕಡಿಮೆ ಅಷ್ಟೇ ಬಾರ್ ಒತ್ತಡದ್ದು, ಹಳೇ ಹಾವಸೆ ಅದಕ್ಕೆ ಬಿಡಲ್ಲ. ತೊಳೆದ್ಮೇಲೆ ಮೇಲಿಂದ ನೀರು ಹಾಯ್ಸಕ್ಕೆ, ಮರದ ಮೇಲಿನ ಧೂಳು ತೆಗೆಯಕ್ಕೆ, ಹೆಂಚು ತೊಳೆಯಕ್ಕೆ ಅದೇ ಚೆನ್ನ. ಮಂಗಳೂರು ಹೆಂಚಿಗೆ 150 ಬಾರ್ ಹಿಡಿಯೋದು ತಪ್ಪು, ಹಳೇ ಹೆಂಚು ಸೀಳತ್ತೆ, ನೀರು ಹೆಂಚಿನ ಸಂದಿಯಿಂದ ಅಟ್ಟಕ್ಕೆ ನುಗ್ಗತ್ತೆ. ಬೋರ್ಡೋ ಉಳಿಕೆ ಮಾತ್ರ ಪೂರ್ತಿ ತೊಳ್ದು ಬಳ್ಸಿ.

ಹಾವಸೆ ಗಟ್ಟಿ ಇದ್ದಲ್ಲಿ ಒತ್ತಡ ಏರಿಸ್ಬೇಡಿ, ಸೋಡಿಯಂ ಹೈಪೋಕ್ಲೋರೈಟ್ ಹಾಕಿ. ಅಂಗಡೀಲಿ 10 ಪರ್ಸೆಂಟಿಂದು ಸಿಗತ್ತೆ, ಒಂದು ಲೀಟರ್‌ಗೆ ಒಂಬತ್ತು ಲೀಟರ್ ನೀರು ಸೇರ್ಸಿ ಬೆನ್ನಿನ ಸ್ಪ್ರೇಯರ್‌ನಲ್ಲಿ ಹೊಡ್ದು ಹತ್ತು ನಿಮಿಷ ಬಿಟ್ರೆ ಹಾವಸೆ ಸತ್ತು ಸಡಿಲ ಆಗತ್ತೆ. ಪ್ರೆಶರ್ ಪಂಪ್ ಒಳಗೆ ಮಾತ್ರ ಅದನ್ನ ಹಾಯ್ಸಬೇಡಿ, ಹಿತ್ತಾಳೆ, ಸೀಲು ಎರಡೂ ಹೋಗತ್ತೆ. ಗಿಡಗಳಿಗೆ ಮೊದ್ಲೂ ಆಮೇಲೂ ಸಾದಾ ನೀರು ಹೊಡೀರಿ. ಬಾವಿಕಟ್ಟೆ ಹತ್ರ ಬೇಡ, ಅಲ್ಲಿ ಬ್ರಷ್ಷಲ್ಲೇ ಉಜ್ಜಿ. ಟೈಲ್ಸ್ ಆಸಿಡ್ ಜೊತೆ ಯಾವತ್ತೂ ಸೇರ್ಸಬೇಡಿ, ಕ್ಲೋರಿನ್ ಗ್ಯಾಸ್ ಬರತ್ತೆ, ಜೀವಕ್ಕೇ ಅಪಾಯ.

ಪ್ರಶ್ನೆ: ಬೆಂಗಳೂರಲ್ಲಿ ಮನೆ ಕಾರ್ ಪೋರ್ಚು, ಟೆರೇಸು ತೊಳೆಯೋ ಕೆಲಸ ಮಾಡಕ್ಕೆ ಸಣ್ಣ ಗೂಡ್ಸ್ ಆಟೋ ಮೇಲೆ ಸೆಟಪ್ ಮಾಡ್ತಿದೀನಿ. ಪೆಟ್ರೋಲ್ ಎಂಜಿನ್ ಸದ್ದಿಗೆ ಅಕ್ಕಪಕ್ಕದವ್ರು ಬೈತಾರೆ, ಕರೆಂಟ್ ಮೋಟಾರ್ ಸಾಕಾ? ನೀರು ಎಲ್ಲಿಂದ ತರ್ಲಿ?
— ರಾಜಾಜಿನಗರದ ಓದುಗರು

ಉತ್ತರ: ಕರೆಂಟೇ ಸರಿ. ಮನೆಯ 16 ಆಂಪಿಯರ್ ಸಾಕೆಟ್‌ನಲ್ಲಿ ಸಿಂಗಲ್ ಫೇಸ್ 3 ಎಚ್‌ಪಿ ತನಕ ನಡೆಸ್ಬಹುದು, ಅಂದ್ರೆ ಸುಮಾರು 150 ಬಾರ್‌ಗೆ ನಿಮಿಷಕ್ಕೆ 7-8 ಲೀಟರ್. ಪೋರ್ಚಿಗೆ ಅಷ್ಟು ಸಾಕು. ನೆಲ ತೊಳೆಯಕ್ಕೆ ಗನ್ ಬದಲು ಸರ್ಫೇಸ್ ಕ್ಲೀನರ್ ಹಾಕಿ, ಮುಚ್ಚಳದ ಒಳಗೆ ಎರಡು ನಾಝಲ್ ತಿರುಗತ್ತಲ್ಲ ಅದು, ಪಟ್ಟೆ ಪಟ್ಟೆ ಬೀಳಲ್ಲ, ಗೋಡೆಗೆ ಕೆಸರು ಹಾರಲ್ಲ. ನಿಮ್ಮ ನೀರಿಗೆ ಸಣ್ಣ ಅಳತೆದೇ ನೋಡಿ, ದೊಡ್ಡದು ತಿರುಗಲ್ಲ. ನಿಮ್ಮದೇ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಕ್ಷಣ ಕಟ್ ಮಾಡೋ ಸ್ವಿಚ್) ಇರೋ ಬೋರ್ಡ್ ಮಾಡ್ಕೊಳಿ, ಗಿರಾಕಿ ಮನೆ ಅರ್ಥಿಂಗ್ ಸರಿ ಇರತ್ತೆ ಅಂತ ನಂಬ್ಬೇಡಿ, ಒದ್ದೆ ನೆಲದ ಮೇಲೆ ಒದ್ದೆ ಕೈಯಲ್ಲಿ ನಿಂತಿರೋರು ನೀವು. ಅಕಸ್ಮಾತ್ ಪೆಟ್ರೋಲ್ ಎಂಜಿನ್‌ಗೇ ಹೋದ್ರೂ ಅದು ರಸ್ತೇಲೇ ಇರ್ಲಿ, ಬೇಸ್‌ಮೆಂಟ್ ಒಳಗೆ ತಗೊಂಡು ಹೋಗ್ಬೇಡಿ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆನೂ ಇಲ್ಲ ಬಣ್ಣನೂ ಇಲ್ಲ.

ನೀರಿನ ವಿಷ್ಯ ನಿಮಗೆ ತೀರ್ಥಹಳ್ಳಿಯವ್ರಿಗಿಂತ ಕಷ್ಟ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯೋ ನೀರಲ್ಲಿ ಗಾಡಿ ತೊಳೆಯೋದು, ಗಾರ್ಡನ್‌ಗೆ ಬಿಡೋದು ಇದಕ್ಕೆಲ್ಲ ನಿಷೇಧ ಹಾಕಿ 5000 ರೂಪಾಯಿ ದಂಡ ಇಟ್ಟಿತ್ತು. ಬೇಸಿಗೇಲಿ ಇಂಥ ಆದೇಶ ಬಂದಾಗ ಕಾವೇರಿ ನೀರು ನಂಬಿರೋ ವ್ಯಾಪಾರ ನಿಂತೇ ಹೋಗತ್ತೆ, ಆದೇಶ ಇಲ್ದಿದ್ರೂ ಆ ನೀರನ್ನ ಪೋರ್ಚಿಗೆ ಹೊಡೆಯೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಗಿರಾಕಿ ಫೋನ್ ಮಾಡಿದಾಗ್ಲೇ ಮಳೆನೀರು ಸಂಪ್ ಇದ್ಯಾ ಅಂತ ಕೇಳಿ. 2009ರಿಂದ ಬೆಂಗಳೂರಲ್ಲಿ ದೊಡ್ಡ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಆಗಿದೆ, ಎಷ್ಟೋ ಮನೇಲಿ ಆ ನೀರು ಹಾಗೇ ನಿಂತಿರತ್ತೆ. ಅದು ಮೆದು ನೀರು ಬೇರೆ, ಬೋರ್‌ವೆಲ್ ನೀರಿನ ಥರ ಗ್ರಾನೈಟ್ ಮೇಲೆ ಬಿಳೀ ಕಲೆ ಬಿಡಲ್ಲ. ಸೋಸಿ ಬಳ್ಸಿ. ಎಸ್‌ಟಿಪಿ (ಒಳಚರಂಡಿ ನೀರು ಶುದ್ಧ ಮಾಡೋ ಘಟಕದ) ನೀರು ಅಗ್ಗ ಅಂತ ಪ್ರೆಶರ್ ವಾಷರ್‌ಗೆ ಹಾಕ್ಬೇಡಿ, ಮಂಜಿನಂತೆ ಹಾರಿ ಮೂಗು ಬಾಯಿಗೆ ಹೋಗತ್ತೆ.

ಪ್ರಶ್ನೆ: ನಲ್ಲಿಗೆ ನೇರ ಕೊಟ್ರೆ ಪಂಪ್ ಚೆನ್ನಾಗಿ ನಡೆಯತ್ತೆ. ಟ್ಯಾಂಕಿಂದ ಎಳೆಸಿದ್ರೆ ಕಟಕಟ ಅಂತ ಸದ್ದು, ಗನ್ ನಡುಗತ್ತೆ, ಒತ್ತಡ ಏರತ್ತೆ ಇಳಿಯತ್ತೆ. ಮೆಕ್ಯಾನಿಕ್ ಪಂಪೇ ಬದಲಾಯ್ಸಿ ಅಂತಾರೆ.
— ಪುತ್ತೂರಿನ ಓದುಗರು

ಉತ್ತರ: ಪಂಪ್ ಬದಲಾಯ್ಸಬೇಡಿ ಸರ್, ಸ್ವಲ್ಪ ತಡೀರಿ. ನಲ್ಲಿಗೆ ಕೊಟ್ಟಾಗ ಸರಿ ನಡೆಯತ್ತೆ ಅಂತ ನೀವೇ ಬರೆದಿದೀರಲ್ಲ, ಅಂದ್ರೆ ತೊಂದ್ರೆ ಪಂಪಿನ ಹಿಂದೆ, ನೀರು ಬರೋ ದಾರೀಲಿದೆ. ನಲ್ಲಿ ನೀರನ್ನ ತಳ್ಳತ್ತೆ, ಟ್ಯಾಂಕ್ ತಳ್ಳಲ್ಲ, ಪಂಪೇ ಎಳ್ಕೋಬೇಕು. ಪೈಪ್ ಸಣ್ಣ ಇದ್ರೆ, ಸ್ಟ್ರೇನರ್ (ಕಸ ತಡೆಯೋ ಜಾಲರಿ) ಕಟ್ಟಿದ್ರೆ, ಕ್ಲಿಪ್ ಸಡಿಲ ಇದ್ದು ಗಾಳಿ ಹೀರಿದ್ರೆ ಪಂಪ್ ಒಳಗೆ ನೀರಿನ ಬದಲು ಗುಳ್ಳೆ ಸೇರತ್ತೆ, ಆ ಗುಳ್ಳೆ ಒಡೆಯೋದೇ ನಿಮಗೆ ಕೇಳ್ಸೋ ಸದ್ದು. ಹಾಗೇ ಓಡಿಸ್ತಾ ಇದ್ರೆ ವಾಲ್ವು, ಸೀಲು ನಿಜವಾಗ್ಲೂ ಹಾಳಾಗತ್ತೆ, ಆಗ ಮೆಕ್ಯಾನಿಕ್ ಮಾತು ನಿಜ ಆಗತ್ತೆ.

ಟ್ಯಾಂಕಿನ ತಳ ಪಂಪಿನ ಬಾಯಿಗಿಂತ ಮೇಲೆ ಇರ್ಲಿ. ಪೈಪ್ ಒಂದು ಇಂಚಿಂದು, ಗಿಡ್ಡ, ಒಳಗೆ ತಂತಿ ಸುತ್ತಿರೋದು, ಎಳೆತಕ್ಕೆ ಚಪ್ಪಟೆ ಆಗ್ಬಾರ್ದು. ಒಂದು ಸಲ ಪಾರದರ್ಶಕ ಪೈಪ್ ಹಾಕಿ ನೋಡಿ, ಗುಳ್ಳೆ ಎಲ್ಲಿಂದ ಬರ್ತಿದೆ ಅಂತ ಕಣ್ಣಿಗೇ ಕಾಣತ್ತೆ. ಇನ್ನೊಂದು, ಗನ್ ಬಿಟ್ಟಾಗ ಅನ್‌ಲೋಡರ್ ವಾಲ್ವ್ ನೀರನ್ನ ವಾಪಸ್ ಕಳ್ಸತ್ತಲ್ಲ, ಆ ಪೈಪ್ ಪಂಪಿನ ಬಾಯಿಗೇ ಸುತ್ತಿದ್ರೆ ಅದೇ ನೀರು ಸುತ್ತಿ ಸುತ್ತಿ ಎರಡು ಮೂರು ನಿಮಿಷದಲ್ಲೇ ಕಾಯತ್ತೆ. ಅದನ್ನ ಟ್ಯಾಂಕಿಗೆ ತಿರುಗಿಸಿ, ನೀರು ತೆಗೆಯೋ ಜಾಗದಿಂದ ದೂರಕ್ಕೆ ಬೀಳೋ ಹಾಗೆ. ಇಷ್ಟು ಮಾಡಿದ್ಮೇಲೂ ಒತ್ತಡ ಕಡಿಮೆ ಇದ್ರೆ ನಾಝಲ್ ನೋಡಿ, ಸವೆದು ತೂತು ದೊಡ್ಡದಾಗಿರತ್ತೆ. ನಿಮಿಷಕ್ಕೆ 15 ಲೀಟರ್, 150 ಬಾರ್‌ಗೆ 5.5 ನಂಬರಿನ (ನಂಬರ್ ಅಂದ್ರೆ ತೂತಿನ ಅಳತೆ) ನಾಝಲ್ ಬೇಕು. ಬಣ್ಣ ನೋಡಿ ನಂಬರ್ ಅಂದ್ಕೋಬೇಡಿ, ಬಣ್ಣ ಹೇಳೋದು ನೀರು ಹರಡೋ ಕೋನ ಮಾತ್ರ: ಕೆಂಪು 0 ಡಿಗ್ರಿ, ಹಳದಿ 15, ಹಸಿರು 25, ಬಿಳಿ 40. ಮನೆ ಕೆಲಸಕ್ಕೆ ಹಸಿರು, ಬಿಳಿ ಎರಡೇ ಇಟ್ಕೊಳಿ, ಕೆಂಪನ್ನ ಗಾಡೀಲೂ ಇಡ್ಬೇಡಿ. ಆ ಧಾರೆ ಕೈಗೆ ತಾಗಿದ್ರೆ ಹೊರಗಿಂದ ಸೂಜಿ ಚುಚ್ಚಿದಷ್ಟೇ ಕಾಣತ್ತೆ, ಒಳಗೆ ನೀರು ಕೊಳೆ ಮಾಂಸದೊಳಗೆ ಹರಡಿರತ್ತೆ, ನೋವಿಲ್ಲ ಅಂತ ಕೂರದೆ ಆ ಕ್ಷಣವೇ ಸರ್ಜರಿ ಇರೋ ಆಸ್ಪತ್ರೆಗೆ ಹೋಗ್ಬೇಕು.

ಪ್ರಶ್ನೆ: ಸೋಲಾರ್ ಪ್ಯಾನೆಲ್ ತೊಳ್ದು ಕೊಡಿ ಅಂತ ಗಿರಾಕಿಗಳು ಕೇಳ್ತಾರೆ, ಪ್ರೆಶರ್ ವಾಷರ್‌ನಲ್ಲೇ ತೊಳೀಬಹುದಾ?
— ಹುಬ್ಬಳ್ಳಿ ಓದುಗರು

ಉತ್ತರ: ಬೇಡ. ಸೀಲ್ ಒಳಗೆ ನೀರು ಹೋದ್ರೆ ಪ್ಯಾನೆಲ್ ಹಾಳು, ವಾರಂಟಿನೂ ಹೋಗತ್ತೆ. ಬೆಳಿಗ್ಗೆ ಬೇಗ, ಗಾಜು ತಣ್ಣಗಿದ್ದಾಗ, ಟ್ಯಾಂಕಿಂದ ಸಾದಾ ಪೈಪಲ್ಲಿ ನೀರು ಬಿಟ್ಟು ಮೆತ್ತನೆ ಬ್ರಷ್ಷಲ್ಲಿ ಉಜ್ಜಿ ಕೊಡಿ. ಅದಕ್ಕೂ ದುಡ್ಡು ತಗೋಬಹುದು, ಗಡಸು ನೀರಾದ್ರೆ ಮಾತ್ರ ಒಣಗೋ ಮುಂಚೆ ವೈಪರ್ ಎಳೀಲೇಬೇಕು.

ಪ್ರಶ್ನೆ: ಹೊಸ ಪಂಪ್ ತಗೊಂಡೆ. ಆಯಿಲ್ ಯಾವಾಗ ಬದಲಾಯ್ಸಬೇಕು?
— ಮೂಡಿಗೆರೆ ಓದುಗರು

ಉತ್ತರ: ಮೊದಲ್ನೇದು 50 ಗಂಟೆ ಓಡಿದ್ಮೇಲೆ, ಆಮೇಲೆ ಪಂಪ್ ಜೊತೆ ಬಂದ ಪುಸ್ತಕದಲ್ಲಿ ಹೇಳಿರೋ ಹಾಗೆ. ಎಂಜಿನ್ ಆಯಿಲ್ ಬೇರೆ, ಪಂಪ್ ಆಯಿಲ್ ಬೇರೆ, ಎರಡೂ ನೋಡ್ಕೋಬೇಕು. ಪಂಪಿನ ಗಾಜಿನ ಕಿಂಡೀಲಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ರೆ ಒಳಗೆ ನೀರು ಸೇರ್ತಿದೆ ಅಂತ ಅರ್ಥ, ಸೀಲ್ ಹಾಕ್ಸೋ ತನಕ ಗಾಡಿ ಹೊರಗೆ ತೆಗೀಬೇಡಿ.