ವಿಡಿಯೊ ಗೇಮ್‌ಗೆಂದು ಮಾಡಿದ ಕಾನ್ಸೆಪ್ಟ್ ಕಾರು (ಕಲ್ಪನೆಯ ಮಾದರಿ ಕಾರು) ಶಿವಮೊಗ್ಗದ ರಸ್ತೆಗೆ, ಆಗುಂಬೆ ಘಾಟಿಗೆ ಯಾಕೆ ಬರೋದಿಲ್ಲ?

ಅವು ಮಾರೋದಕ್ಕೆ ಮಾಡಿದ ಕಾರುಗಳೇ ಅಲ್ಲ. ಗೇಮ್‌ನಲ್ಲಿ ಕಾರು ಅಂದ್ರೆ ಬರೀ ಲೆಕ್ಕ: ತೂಕ, ಎಂಜಿನ್ ಶಕ್ತಿ, ಟೈರಿನ ಹಿಡಿತ, ಓಡುವಾಗ ಕಾರಿನ ಮೇಲೆ ಬೀಳುವ ಗಾಳಿಯ ಒತ್ತಡ ಇಷ್ಟನ್ನು ಅಂಕಿಯಲ್ಲಿ ತುಂಬಿದರೆ ಓಡುತ್ತದೆ. ಕ್ರ್ಯಾಶ್ ಟೆಸ್ಟ್, ಹೊಗೆ ತಪಾಸಣೆ, ಬಿಡಿಭಾಗದ ಖರ್ಚು ಯಾವುದರ ತಲೆನೋವೂ ಇಲ್ಲ. ಅದಕ್ಕೇ 2013ರ ಗ್ರ್ಯಾನ್ ಟುರಿಸ್ಮೊ 6 ಎಂಬ ಕಾರ್ ರೇಸ್ ಗೇಮ್ ಜೊತೆ ಶುರುವಾದ 'ವಿಷನ್ ಗ್ರ್ಯಾನ್ ಟುರಿಸ್ಮೊ' ಯೋಜನೆಯಲ್ಲಿ ಕಾರು ಕಂಪನಿಗಳ ಡಿಸೈನರ್‌ಗಳು ಮನಸ್ಸಿಗೆ ಬಂದ ಹಾಗೆ ಗೀಚಿದರು. ಷೆವರ್ಲೆಯ ಚಾಪರಾಲ್ 2ಎಕ್ಸ್ ಅಂತೂ ಲೇಸರ್ ಬಲದಿಂದ ಓಡುವ ಕಲ್ಪನೆ! ಮರ್ಸಿಡಿಸ್ ನಿಜ ಗಾತ್ರದ ಮಾದರಿಯನ್ನೇ ಮಾಡಿತು, ಆದರೆ ಸುಮ್ನೆ ಪ್ರದರ್ಶನಕ್ಕೆ. ಕಂಪನಿಗೆ ಬೇಕಾದದ್ದು ಹುಡುಗರ ಕಣ್ಣಿಗೆ ಬೀಳೋದು, ಅಷ್ಟೇ.

ಇನ್ನು ಆಗುಂಬೆ ಘಾಟಿ ಬಿಡಿ, ನೆಲಕ್ಕೆ ತಾಗುವ ಹಾಗಿರುವ ಆ ಕಾರಿನ ಮೂತಿ ತೀರ್ಥಹಳ್ಳಿ ಮುಟ್ಟೋ ಮೊದಲೇ ಯಾವುದೋ ಹಂಪ್‌ಗೆ ಸಿಕ್ಕಿ ಸೀಳಿರುತ್ತದೆ. ಮಳೆಗಾಲದಲ್ಲಂತೂ ಕೇಳಲೇಬೇಡಿ.