ಮೂಕಿ ಚಿತ್ರಗಳಿಗೂ ಇಂದಿನ ಕನಸಿನಂಥ ಸಿನಿಮಾಗಳಿಗೂ ನಿಜಕ್ಕೂ ನಂಟಿದೆಯೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಅಮೆರಿಕದ ನಿರ್ದೇಶಕ ಡೇವಿಡ್ ಲಿಂಚ್‌ನಂಥವರ ತಲೆ ಕೆಡಿಸುವ ಸಿನಿಮಾಗಳು ಮೂಕಿ ಕಾಲಕ್ಕೆ ಋಣಿ ಎನ್ನುತ್ತಾರಲ್ಲ, ಅದು ನಿಜವೋ ಅಥವಾ ವಿಮರ್ಶಕರ ಬಾಯಿಮಾತೋ? ನಿಜವೇ. ಆದರೆ ಆ ಋಣ ನೀವು ಪಟ್ಟಿ ಮಾಡಿದ ಕಪ್ಪು-ಬಿಳುಪು, ಉದ್ದನೆಯ ನೆರಳು, ಕಾಡಿಗೆ ಮೆತ್ತಿದ ಕಣ್ಣುಗಳಲ್ಲಿ ಇಲ್ಲ. ಅವು ಬರಿಯ ವೇಷ. ಸೋಪಿನ ಜಾಹೀರಾತು ಮಾಡುವವನೂ ಅವನ್ನು ಎರವಲು ತರಬಲ್ಲ.

ನಾನು ಬಾಗಲಕೋಟೆಯವನು, ನಾಟಕ ಕಂಪನಿಗಳಿಗೆ ಪರದೆ ಬರೆಯುವುದು ನನ್ನ ಕಸುಬು. ಬನಶಂಕರಿ ಜಾತ್ರೆಗೆ ಬಂದು ಬೀಡುಬಿಡುವ ಕಂಪನಿಗಳನ್ನು ನೀವು ನೋಡಿರಬಹುದು. ಅರಮನೆಯ ಪರದೆ ಬರೆಯುವಾಗ ಕಂಬದ ನೆರಳನ್ನು ಮನಸ್ಸಿಗೆ ಬಂದ ಕಡೆ ಎಳೆಯುವಂತಿಲ್ಲ. ರಂಗದ ದೀಪ ಯಾವ ಕಡೆಯಿಂದ ಬೀಳುತ್ತದೆ ಎಂದು ನೋಡಿಕೊಂಡೇ ಕುಂಚ ಆಡಿಸಬೇಕು. ತಪ್ಪಿದರೆ, ಏನು ತಪ್ಪಿದೆ ಎಂದು ಗೊತ್ತಾಗದಿದ್ದರೂ ಕೊನೆಯ ಸಾಲಿನಲ್ಲಿ ಕೂತವನಿಗೂ ಕಸಿವಿಸಿಯಾಗುತ್ತದೆ.

1920ರ ಜರ್ಮನ್ ಚಿತ್ರ ‘ದಿ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ಯಲ್ಲಿ ಆ ಕಸಿವಿಸಿಯನ್ನೇ ಬೇಕೆಂದು ಮಾಡಿದ್ದಾರೆ. ನಿರ್ದೇಶಕ ರಾಬರ್ಟ್ ವೀನೆ. ಸೆಟ್ ಬರೆದವರು ಹರ್ಮನ್ ವಾರ್ಮ್, ವಾಲ್ಟರ್ ರೈಮನ್, ವಾಲ್ಟರ್ ರೋರಿಗ್. ದೀಪದ ಹಂಗಿಲ್ಲದೆ ನೆರಳನ್ನೂ ಬೆಳಕನ್ನೂ ಗೋಡೆಯ ಮೇಲೆ, ನೆಲದ ಮೇಲೆ ಬಣ್ಣದಲ್ಲೇ ಬಳಿದರು. ಜೈಲಿನ ದೃಶ್ಯವನ್ನು ನಿಲ್ಲಿಸಿ ನೋಡಿ: ಗೋಡೆಯಿಂದ ಇಳಿದ ಬಿಳಿ ಪಟ್ಟೆಗಳು ನೆಲದ ಮೇಲೆ ಹರಿದು ಸರಪಳಿ ತೊಟ್ಟ ಕೈದಿ ಕೂತ ಜಾಗಕ್ಕೇ ಬಂದು ಸೇರುತ್ತವೆ. ಊರಿನ ಗುಮಾಸ್ತ ಆಳೆತ್ತರದ ಸ್ಟೂಲಿನ ಮೇಲೆ ಕೂತಿದ್ದಾನೆ. ಅಧಿಕಾರದ ಮುಂದೆ ಅರ್ಜಿದಾರ ಎಷ್ಟು ಕುಬ್ಜ ಎಂಬುದಕ್ಕೆ ಬೇರೆ ಮಾತೇ ಬೇಡ.

ನೂರು ವರ್ಷ ದಾಟಿದ ಚಿತ್ರ, ಗುಟ್ಟು ಬಿಟ್ಟುಕೊಟ್ಟರೆ ಬೇಸರಿಸಬೇಡಿ. ಕೊನೆಗೆ, ಕಥೆ ಹೇಳುತ್ತಿದ್ದವನೇ ಹುಚ್ಚಾಸ್ಪತ್ರೆಯ ರೋಗಿ ಎಂದು ತಿಳಿಯುತ್ತದೆ. ಹಾಗಾದರೆ ಆ ಸೊಟ್ಟ ಊರು ಅವನ ತಲೆಯೊಳಗಿನದು ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ನೋಡಿದರೆ, ‘ನಿಜ’ವಾದ ಆಸ್ಪತ್ರೆಯ ಅಂಗಳದ ಗೆರೆಗಳೂ ನೆಟ್ಟಗಿಲ್ಲ! ಇಂದಿನ ಸಿನಿಮಾ ಪಡೆದುಕೊಂಡಿರುವುದು ಇದನ್ನು. ಪರದೆಯ ಮೇಲಿರುವುದು ಊರಲ್ಲ, ಒಬ್ಬನಿಗೆ ಕಂಡ ಊರು. ಆ ಒಬ್ಬ ಯಾರು ಎಂದು ನಿರ್ದೇಶಕ ಹೇಳಬೇಕಾಗಿಲ್ಲ.

ಜರ್ಮನ್ ನಿರ್ದೇಶಕ ಮುರ್ನೌನ ‘ದಿ ಲಾಸ್ಟ್ ಲಾಫ್’ (1924) ಇದನ್ನು ಬಣ್ಣವಿಲ್ಲದೆ ಕ್ಯಾಮೆರಾದಿಂದಲೇ ಸಾಧಿಸಿತು. ಕೆಲಸದಿಂದ ಇಳಿಸಲ್ಪಟ್ಟ ಹೋಟೆಲ್ ದ್ವಾರಪಾಲಕ ತನ್ನ ಹಳೆಯ ಸಮವಸ್ತ್ರ ಕದ್ದು ಓಡುವಾಗ ಇಡೀ ಕಟ್ಟಡ ಅವನ ಮೇಲೆ ವಾಲುತ್ತದೆ. ಆಗ ಜರ್ಮನಿಯ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದ ಬ್ರಿಟಿಷ್ ನಿರ್ದೇಶಕ ಹಿಚ್‌ಕಾಕ್ ಮುರ್ನೌನ ಚಿತ್ರೀಕರಣವನ್ನು ಕಣ್ಣಾರೆ ನೋಡಿ ಕಲಿತ. ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನದು ಇನ್ನೂ ಹತ್ತಿರದ ನಂಟು: ‘ದಿ ಫ್ಯಾಂಟಮ್ ಕ್ಯಾರೇಜ್’ (1921) ಮಾಡಿದ ಸ್ಯೋಸ್ಟ್ರೋಮ್‌ನನ್ನೇ ‘ವೈಲ್ಡ್ ಸ್ಟ್ರಾಬೆರೀಸ್’ನಲ್ಲಿ (1957) ಮುಖ್ಯ ಪಾತ್ರಕ್ಕೆ ಕರೆತಂದು, ಮುಳ್ಳುಗಳಿಲ್ಲದ ಗಡಿಯಾರದ ಕನಸಿನೊಳಗೆ ನಡೆಸಿದ.

ಸ್ಪೇನಿನ ನಿರ್ದೇಶಕ ಬುನ್ಯುಯೆಲ್ ಮತ್ತು ಚಿತ್ರಕಾರ ಡಾಲಿ 1929ರಲ್ಲಿ ಮಾಡಿದ ‘ಆನ್ ಆಂಡಲೂಸಿಯನ್ ಡಾಗ್’ ಇವೆಲ್ಲಕ್ಕೂ ಅಡ್ಡ ನಿಲ್ಲುವ ಚಿತ್ರ, ನನಗೆ ಅದೇ ಹೆಚ್ಚು ಇಷ್ಟ. ಅಲ್ಲಿ ಸೊಟ್ಟ ಗೋಡೆಯೇ ಇಲ್ಲ. ಮನೆ ಮನೆಯ ಹಾಗೇ ಇದೆ, ಬೀದಿ ಬೀದಿಯ ಹಾಗೇ ಇದೆ, ಸೊಟ್ಟಗಿರುವುದು ಜೋಡಣೆ. ‘ಎಂಟು ವರ್ಷಗಳ ನಂತರ’ ಎಂದು ಫಲಕ ಬರುತ್ತದೆ, ಆದರೆ ಯಾರಿಗೂ ವಯಸ್ಸಾಗಿಲ್ಲ. ಹೆಂಗಸು ಕೋಣೆಯ ಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ಸಮುದ್ರದ ದಂಡೆ. ಅದನ್ನೆಲ್ಲ ಪೂರ್ತಿ ಗಂಭೀರವಾಗಿ, ಹಗಲು ಬೆಳಕಿನಲ್ಲೇ ತೋರಿಸುತ್ತಾರೆ.

ಲಿಂಚ್‌ನ ‘ಇರೇಸರ್‌ಹೆಡ್’ (1977) ನೋಡುವಾಗ ನನಗೆ ಕ್ಯಾಲಿಗರಿಯ ಕೋಣೆಗಳು ನೆನಪಾಗುತ್ತವೆ. ಅಲ್ಲಿ ಬಳಿದ ನೆರಳು ಮಾಡಿದ ಕೆಲಸವನ್ನು ಇಲ್ಲಿ ಯಂತ್ರಗಳ ಬಿಡದ ಗುಂಯ್‌ಗುಡುವಿಕೆ ಮಾಡುತ್ತದೆ. ಲಿಂಚ್‌ನದೇ ‘ಮಲ್ಹಾಲೆಂಡ್ ಡ್ರೈವ್’ (2001) ಬುನ್ಯುಯೆಲ್‌ನ ದಾರಿಯದು: ಬಿಸಿಲು, ಉಪಾಹಾರ ಗೃಹ, ಸಾಮಾನ್ಯ ಮಾತುಕತೆ, ಆದರೂ ಬೆನ್ನಲ್ಲಿ ನಡುಕ. ಇವು ನನ್ನ ಕಣ್ಣಿಗೆ ಕಂಡ ಹೋಲಿಕೆಗಳು. ಹಿಚ್‌ಕಾಕ್, ಬರ್ಗ್‌ಮನ್‌ರದು ನೇರವಾಗಿ ಕೈದಾಟಿ ಬಂದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಕನ್ನಡದ್ದೇ ಉದಾಹರಣೆ ಬೇಕಿದ್ದರೆ ‘ಲೂಸಿಯಾ’ (2013) ಇದೆ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು-ಬಿಳುಪಿನಲ್ಲಿ. ಮೂಕಿ ಕಾಲದಲ್ಲೂ ರಾತ್ರಿಗೆ ನೀಲಿ, ದೀಪಕ್ಕೆ ಹಳದಿ ಎಂದು ಫಿಲ್ಮಿಗೇ ಬಣ್ಣ ಅದ್ದುತ್ತಿದ್ದರು. ಬಣ್ಣಕ್ಕೆ ಅರ್ಥ ಹೊರಿಸುವ ಅಭ್ಯಾಸ ಹಳೆಯದೇ.

ಎಲ್ಲಿಂದ ಶುರು ಮಾಡಲಿ ಎಂದೂ ಕೇಳಿದ್ದೀರಿ. ಮೊದಲು ಬುನ್ಯುಯೆಲ್, ಸುಮಾರು 16 ನಿಮಿಷ ಸಾಕು. ಮೊದಲ ದೃಶ್ಯದಲ್ಲೇ ಕ್ಷೌರದ ಕತ್ತಿಯಿಂದ ಕಣ್ಣು ಸೀಳುವುದಿದೆ, ಊಟದ ಹೊತ್ತಿಗೆ ಬೇಡ. ಆಮೇಲೆ ಕ್ಯಾಲಿಗರಿ. ಅಂತರ್ಜಾಲದ ಎಷ್ಟೋ ಪ್ರತಿಗಳಿಗೆ ಯಾರೋ ಯಾವುದೋ ಸಂಗೀತ ಅಂಟಿಸಿರುತ್ತಾರೆ. ಕಿವಿಗೆ ಒಗ್ಗದಿದ್ದರೆ ಧ್ವನಿ ಪೂರ್ತಿ ತಗ್ಗಿಸಿ ನೋಡಿ.